ಮಧುಮೇಹ ಬಂದ ಮಗುವೂ ಮನೆಯವರ ಮನಸ್ಸೂ



ಸ್ಮರಣ ಸಂಚಿಕೆಯಲ್ಲಿ ಶಾಲೆಯ ಏಳಿಗೆಯನ್ನು ಕುರಿತು ಬರೆಯುವವರು ಬಹು ಮಂದಿ ಇರುವರು. ನಾನು ಈ ಸಲ ಒಂದು ಪಾಠವನ್ನು ಬರೆಯಬೇಕೆಂದಿದ್ದೇನೆ. ಅದನ್ನು ನನಗೆ ಕಲಿಸಿದವಳು ಎಂಟನೆಯ ತರಗತಿಯ ಒಬ್ಬ ಹುಡುಗಿ.

ಕೆಲವು ವರ್ಷಗಳ ಹಿಂದೆ ಆ ಹುಡುಗಿಯು ನನ್ನ ಗಣಿತದ ಪಾಠದ ನಡುವೆ ಮೂರು ಸಲ ಹೊರಗೆ ಹೋಗಲು ಅಪ್ಪಣೆ ಕೇಳಿದಳು. ಮೂರನೆಯ ಸಲ ನಾನು ಗದರಿಸಿ ಕುಳ್ಳಿರಿಸಿದೆನು. ಅವಳ ಸಮವಸ್ತ್ರವು ಮೈಮೇಲೆ ಜೋಲುತ್ತಿದ್ದುದನ್ನೂ, ನೀರಿನ ಸೀಸೆಯು ಮೊದಲನೆಯ ಗಂಟೆಯೊಳಗೇ ಬರಿದಾಗುತ್ತಿದ್ದುದನ್ನೂ ನಾನು ಕಂಡಿದ್ದೆನು. ಕಂಡು ವಿಚಾರಿಸದೆ ಹೋದೆನು. ಐದು ದಿನಗಳ ಮೇಲೆ ಅವಳನ್ನು ವಾಂತಿ, ಹೊಟ್ಟೆನೋವು, ಏದುಸಿರುಗಳೊಂದಿಗೆ ಆಸ್ಪತ್ರೆಗೆ ಸೇರಿಸಿದರು. ಒಂದನೆಯ ಬಗೆಯ ಮಧುಮೇಹವೆಂದು ವೈದ್ಯರು ತಿಳಿಸಿದರು. ನಾನು ನೋಡಲು ಹೋದಾಗ ತಾಯಿಯು ನನ್ನ ಕೈಹಿಡಿದುಕೊಂಡು, “ಟೀಚರಮ್ಮಾ, ನಾನು ಮಗುವಿಗೆ ಏನನ್ನು ತಿನ್ನಿಸಿ ಹೀಗೆ ಮಾಡಿಕೊಂಡೆ?” ಎಂದು ಅತ್ತಳು. ಹುಡುಗಿಯು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡೇ, “ಇನ್ನು ಎಷ್ಟು ದಿನ ಈ ಸೂಜಿ?” ಎಂದಳು. ಈ ಎರಡು ಪ್ರಶ್ನೆಗಳಿಗೂ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ, ವೈದ್ಯರನ್ನು ಕೇಳಿ, ಆ ಮನೆಯವರೊಡನೆ ನಡೆದು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿರುತ್ತೇನೆ.

1. ರೋಗದ ಸ್ವರೂಪ

ಭಯವನ್ನು ನೀಗಿಸಲು ಮೊದಲನೆಯ ಸಾಧನವು ತಿಳಿವಳಿಕೆ. ನಮ್ಮ ಉದರದಲ್ಲಿ ಜಠರದ ಹಿಂದುಗಡೆ ಮೇದೋಜೀರಕ ಗ್ರಂಥಿಯೆಂಬ ಅಂಗವುಂಟು. ಅದರಲ್ಲಿ ದ್ವೀಪಗಳಂತೆ ಚದರಿರುವ ಕಣಗಳು ಇನ್ಸುಲಿನ್ ಎಂಬ ರಸವನ್ನು ಸ್ರವಿಸುತ್ತವೆ. ನಾವು ಉಂಡ ಅನ್ನ, ರಾಗಿ, ಹಣ್ಣುಗಳು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಆ ಸಕ್ಕರೆಯು ರಕ್ತದಿಂದ ಮಾಂಸಖಂಡಗಳೊಳಗೆ ಹೋಗಿ ಬಲವನ್ನುಂಟುಮಾಡಬೇಕಾದರೆ ಇನ್ಸುಲಿನ್ ಎಂಬ ಬೀಗದ ಕೈಯು ಬೇಕು. ಶರೀರವನ್ನು ರೋಗಗಳಿಂದ ಕಾಯಬೇಕಾದ ರಕ್ಷಣಾಶಕ್ತಿಯೇ ಕೆಲವರಲ್ಲಿ ದಾರಿತಪ್ಪಿ, ಈ ಕಣಗಳನ್ನು ಶತ್ರುಗಳೆಂದೆಣಿಸಿ ನಾಶಮಾಡುತ್ತದೆ. ಇದೇ ಒಂದನೆಯ ಬಗೆಯ ಮಧುಮೇಹ. ಪ್ರಾಯದವರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯು ಬೇರೆ. ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲಿಯೂ ಹುಟ್ಟಿನಿಂದ ಬರುವ ಪ್ರಮೇಹವೆಂದೂ, ಅಪಥ್ಯದಿಂದ ಬರುವ ಪ್ರಮೇಹವೆಂದೂ ಎರಡು ವಿಧಗಳನ್ನು ಹೇಳಿರುವುದು ಗಮನಿಸತಕ್ಕ ಸಂಗತಿ.

ಆದಕಾರಣ ತಾಯಿಯ ಪ್ರಶ್ನೆಗೆ ಉತ್ತರವು ಸ್ಪಷ್ಟವಾಗಿದೆ. ಮಗುವು ಮಿಠಾಯಿ ತಿಂದದ್ದರಿಂದ ಈ ರೋಗವು ಬರಲಿಲ್ಲ. ತಾಯಿಯ ಅಜಾಗ್ರತೆಯಿಂದಲೂ, ಯಾರ ದೃಷ್ಟಿಯಿಂದಲೂ, ಯಾವ ಪಾಪದಿಂದಲೂ ಬರಲಿಲ್ಲ. ಇದು ಅಂಟುರೋಗವೂ ಅಲ್ಲ. ಒಂದೇ ಬೆಂಚಿನಲ್ಲಿ ಕುಳಿತವರಿಗೆ, ಒಂದೇ ತಟ್ಟೆಯಲ್ಲಿ ಉಂಡವರಿಗೆ ಹತ್ತುವುದಿಲ್ಲ. ಬಂಧುಗಳು ನೋಡಲು ಬಂದು ತಾಯಿಯ ಮೇಲೆ ತಪ್ಪು ಹೊರಿಸುವಾಗ, ಈ ಮಾತುಗಳನ್ನು ತಂದೆಯು ಮುಂದೆ ನಿಂತು ಹೇಳುವುದು ಒಳ್ಳೆಯದು.

2. ಹಿಂದಿನವರ ಸ್ಥಿತಿ

ಒಂದು ನೂರು ವರ್ಷಗಳಿಗೂ ಹಿಂದೆ ಈ ರೋಗವೆಂದರೆ ಮರಣವೆಂದೇ ಅರ್ಥವಾಗಿತ್ತು. ಅಮೆರಿಕದ ರಾಜಕಾರ್ಯ ಧುರಂಧರರಾದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಎಂಬವರ ಮಗಳಾದ ಎಲಿಜಬೆತ್‌ಗೆ 1919ರಲ್ಲಿ ಈ ರೋಗವು ಕಾಣಿಸಿತು. ಆಗ ವೈದ್ಯರಿಗೆ ತಿಳಿದಿದ್ದ ಉಪಾಯವೆಂದರೆ ಆಹಾರವನ್ನು ಅತ್ಯಂತ ಕಡಮೆಮಾಡಿ ದಿನಗಳನ್ನು ನೂಕುವುದು. 1922ರ ಆಗಸ್ಟಿನಲ್ಲಿ ಹದಿನೈದು ವಯಸ್ಸಿನ ಆ ಹುಡುಗಿಯು ಸುಮಾರು 20 ಕಿಲೋಗ್ರಾಮ್ ತೂಕದ ಎಲುಬಿನ ಗೂಡಾಗಿದ್ದಳು.

ಅಷ್ಟರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಎಂಬವರು ಮ್ಯಾಕ್ಲಿಯಾಡ್ ಪಂಡಿತರ ಪ್ರಯೋಗಶಾಲೆಯಲ್ಲಿ 1921ರಲ್ಲಿ ಇನ್ಸುಲಿನ್ನನ್ನು ಕಂಡುಹಿಡಿದಿದ್ದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ ಬಾಲಕನಿಗೆ ಅದನ್ನು ಚುಚ್ಚಿದರು. ಔಷಧವು ಶುದ್ಧವಾಗಿರಲಿಲ್ಲವಾದ್ದರಿಂದ ನಿಲ್ಲಿಸಬೇಕಾಯಿತು. ಕಾಲಿಪ್ ಎಂಬವರು ಅದನ್ನು ಶುದ್ಧಿಮಾಡಿಕೊಟ್ಟ ಮೇಲೆ ಜನವರಿ 23ರಂದು ಮರಳಿ ಕೊಡಲಾಗಿ ಬಾಲಕನು ಚೇತರಿಸಿಕೊಂಡನು. ಎಲಿಜಬೆತ್ತಳೂ ಅದೇ ವರ್ಷ ಬ್ಯಾಂಟಿಂಗರ ಚಿಕಿತ್ಸೆಯನ್ನು ಪಡೆದು, ಕಾಲೇಜು ಓದಿ, ಮದುವೆಯಾಗಿ, ಮೂವರು ಮಕ್ಕಳ ತಾಯಿಯಾಗಿ, 1981ರ ವರೆಗೆ ಬದುಕಿದಳು.

ಬ್ಯಾಂಟಿಂಗರ ಜನ್ಮದಿನವಾದ ನವೆಂಬರ್ 14ನ್ನು ಲೋಕವು ಮಧುಮೇಹ ದಿನವಾಗಿ ಆಚರಿಸುತ್ತದೆ. ನಮ್ಮ ದೇಶದಲ್ಲಿ ಅದೇ ದಿನವು ಮಕ್ಕಳ ದಿನವಾಗಿದೆ. ಆ ದಿನ ಶಾಲೆಯಲ್ಲಿ ಮಿಠಾಯಿ ಹಂಚುವಾಗ ನನಗೆ ಈ ಕಥೆಯು ನೆನಪಾಗದೆ ಇರುವುದಿಲ್ಲ.

3. ದುಃಖಕ್ಕೆ ಎಡೆಕೊಡಬೇಕು

ರೋಗವು ತಿಳಿದುಬಂದ ಮೊದಲ ವಾರಗಳಲ್ಲಿ ಮನೆಯವರೆಲ್ಲರೂ ದುಃಖಿಸುತ್ತಾರೆ, ಆದರೆ ಒಂದೇ ರೀತಿಯಾಗಿ ದುಃಖಿಸುವುದಿಲ್ಲ. ತಾಯಿಯು ಅಳುತ್ತಾಳೆ, ತಂದೆಯು ಮೌನವಾಗಿ ಖರ್ಚಿನ ಲೆಕ್ಕ ಹಾಕುತ್ತಾನೆ, ಅಜ್ಜಿಯು ಹರಕೆ ಹೊರುತ್ತಾಳೆ, ತಮ್ಮನು ತನ್ನನ್ನು ಯಾರೂ ಕೇಳುವವರಿಲ್ಲವೆಂದು ರಚ್ಚೆ ಹಿಡಿಯುತ್ತಾನೆ. ಮಗುವಾದರೋ “ನನಗೇ ಏಕೆ?” ಎಂದು ಸಿಟ್ಟಾಗುತ್ತದೆ, ಇಲ್ಲವೆ ಏನೂ ಆಗದಂತೆ ನಟಿಸುತ್ತದೆ. ನಿನ್ನೆಯ ವರೆಗೆ ಹಸಿವಾದಾಗ ಉಂಡು, ಬೇಕಾದಾಗ ಆಡಿದ ಮಗುವು ಇಂದಿನಿಂದ ಪ್ರತಿ ತುತ್ತನ್ನೂ ಎಣಿಸಬೇಕಾಗುತ್ತದೆ. ಕಳೆದುಹೋದ ಆ ನಿಶ್ಚಿಂತೆಗಾಗಿ ಅಳುವುದು ಸಹಜವೇ ಸರಿ. “ಅಳಬೇಡ, ಧೈರ್ಯವಾಗಿರು” ಎನ್ನುವುದಕ್ಕಿಂತ, “ಹೌದು, ಇದು ಕಷ್ಟವೇ, ನಾವು ನಿನ್ನ ಜೊತೆಯಲ್ಲಿದ್ದೇವೆ” ಎನ್ನುವುದು ಹೆಚ್ಚು ಬಲವನ್ನು ಕೊಡುವುದೆಂದು ನಾನು ಕಂಡಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆಯುಂಟು. ಇನ್ಸುಲಿನ್ ಆರಂಭಿಸಿದ ಕೆಲವು ವಾರಗಳಲ್ಲಿ, ಉಳಿದಿರುವ ಸ್ವಲ್ಪ ಕಣಗಳು ಚೇತರಿಸಿಕೊಂಡು ಕೆಲಸಮಾಡುವುದರಿಂದ, ಅನೇಕ ಮಕ್ಕಳಿಗೆ ಔಷಧವು ಕಡಮೆ ಸಾಕಾಗುತ್ತದೆ. ಇದು ಕೆಲವು ತಿಂಗಳುಗಳ ಕಾಲ ನಿಲ್ಲಬಹುದು. ಆಗ ಮನೆಯವರು ರೋಗವು ಗುಣವಾಯಿತೆಂದು ಹಿಗ್ಗುತ್ತಾರೆ. ಬೇರಿನಿಂದಲೂ ಕಷಾಯದಿಂದಲೂ ಪೂರ್ಣವಾಗಿ ಗುಣಪಡಿಸುವೆವೆಂಬವರ ಮಾತಿಗೆ ಮನಸ್ಸು ಸೋಲುವುದೂ ಆಗಲೇ. ಪೋಷಕರೇ, ಆ ಆಸೆಯು ಹುಟ್ಟುವುದು ಪ್ರೀತಿಯಿಂದ. ಆದರೆ ಅದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ವಿಷಾಮ್ಲಗಳು ಸೇರಿ ಕೆಲವೇ ದಿನಗಳಲ್ಲಿ ಮಗುವಿನ ಪ್ರಾಣಕ್ಕೆ ಅಪಾಯವಾದೀತು. ವೈದ್ಯರನ್ನು ಕೇಳದೆ ಎಂದಿಗೂ ನಿಲ್ಲಿಸತಕ್ಕದ್ದಲ್ಲ.

4. ಅಂಕಿಯು ಅಂಕವಲ್ಲ

ನಾನು ಉಪಾಧ್ಯಾಯಿನಿ. ಅಂಕಗಳನ್ನು ಕೊಡುವುದು ನನ್ನ ವೃತ್ತಿ. ಆದಕಾರಣ ಈ ಮಾತನ್ನು ಹೇಳಲು ನನಗೆ ಸ್ವಲ್ಪ ಅಧಿಕಾರವಿದೆಯೆಂದು ಭಾವಿಸುತ್ತೇನೆ: ರಕ್ತದ ಸಕ್ಕರೆಯ ಅಂಕಿಯನ್ನು ಪರೀಕ್ಷೆಯ ಅಂಕದಂತೆ ಎಣಿಸಬೇಡಿರಿ. ಉಪಕರಣದಲ್ಲಿ 280 ಎಂದು ಕಂಡ ಕೂಡಲೆ “ಏನು ಕದ್ದು ತಿಂದೆ?” ಎಂದು ಕೇಳಿದರೆ, ಮಗುವು ಮುಂದಿನ ಸಲ ಸುಳ್ಳು ಅಂಕಿಯನ್ನು ಬರೆಯಲು ಕಲಿಯುತ್ತದೆ. ಜ್ವರ, ಚಿಂತೆ, ನಿದ್ರೆಗೇಡು, ಬೆಳೆಯುವ ವಯಸ್ಸು, ತಿಂಗಳ ಮುಟ್ಟು, ಇವೆಲ್ಲವೂ ಸಕ್ಕರೆಯನ್ನು ಏರಿಳಿಸುತ್ತವೆ. ಅಂಕಿಯನ್ನು ಕಂಡು “ಈಗ ಏನು ಮಾಡೋಣ?” ಎಂದು ಕೇಳುವುದೇ ಸರಿಯಾದ ರೀತಿ.

ಸಕ್ಕರೆಯು 70ಕ್ಕಿಂತ ಕೆಳಗಿಳಿದಾಗ ಮಗುವು ಬೆವರುವುದು, ನಡುಗುವುದು ಮಾತ್ರವಲ್ಲದೆ, ಕಾರಣವಿಲ್ಲದೆ ಅಳಬಹುದು, ಸಿಡುಕಬಹುದು, ಕೇಳಿದ್ದಕ್ಕೆ ಮಂಕಾಗಿ ನೋಡಬಹುದು. ಇದನ್ನು ಹಟವೆಂದು ತಿಳಿದು ಶಿಕ್ಷಿಸುವುದು ದೊಡ್ಡ ತಪ್ಪು. ಗದರಿಸುವ ಮುಂಚೆ ಸಕ್ಕರೆಯನ್ನು ನೋಡಬೇಕು. ಕಡಮೆಯಾಗಿದ್ದರೆ ಸುಮಾರು 15 ಗ್ರಾಮ್ ಸಕ್ಕರೆಯನ್ನು, ಅಂದರೆ ಮೂರು ಸಣ್ಣ ಚಮಚೆಯಷ್ಟನ್ನು, ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮರಳಿ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ ಕೂಡಲೆ ವೈದ್ಯರ ಸಹಾಯವನ್ನು ಪಡೆಯತಕ್ಕದ್ದು.

5. ಹೊಣೆಯನ್ನು ಹಂಚಿಕೊಳ್ಳುವುದು

ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ 2009ರಲ್ಲಿ ನ್ಯಾಯಾಧೀಶರಾಗಿ ನೇಮಕವಾದ ಸೋನಿಯಾ ಸೋಟೋಮೇಯರ್ ಎಂಬ ಮಹಿಳೆಗೆ ಏಳನೆಯ ವಯಸ್ಸಿನಲ್ಲಿಯೇ ಈ ರೋಗವು ಕಂಡುಬಂದಿತು. ಸೂಜಿ ಚುಚ್ಚುವಾಗ ತಂದೆಯ ಕೈ ನಡುಗುತ್ತಿತ್ತು; ಆ ಕೆಲಸವನ್ನು ಯಾರು ಮಾಡಬೇಕೆಂದು ತಂದೆತಾಯಿಗಳಿಗೆ ಜಗಳವಾಗುತ್ತಿತ್ತು. ಅದನ್ನು ಕೇಳಿದ ಬಾಲಿಕೆಯು ತಾನೇ ಚುಚ್ಚಿಕೊಳ್ಳುವೆನೆಂದು ನಿಶ್ಚಯಿಸಿ, ಒಲೆಯ ಬಳಿ ಕುರ್ಚಿಯ ಮೇಲೆ ಹತ್ತಿ ಸೂಜಿಯನ್ನು ಕುದಿಸಲು ಕಲಿತಳೆಂದು ಆಕೆಯು ತನ್ನ ಜೀವನ ಚರಿತ್ರೆಯಲ್ಲಿ ಹೇಳಿಕೊಂಡಿದ್ದಾಳೆ.

ಆ ಬಾಲಿಕೆಯ ಧೈರ್ಯವನ್ನು ನಾವು ಮೆಚ್ಚಬೇಕು. ಹಾಗೆಯೇ ಇನ್ನೊಂದು ಸಂಗತಿಯನ್ನೂ ಕಾಣಬೇಕು: ಹಿರಿಯರ ಜಗಳವನ್ನು ನಿಲ್ಲಿಸುವುದಕ್ಕಾಗಿ ಒಂದು ಮಗುವು ಹೊಣೆಯನ್ನು ಹೊತ್ತಿತು. ನಮ್ಮ ಮನೆಗಳಲ್ಲಿ ಹಾಗಾಗದಿರಲಿ. ಮಗುವು ಚುಚ್ಚಿಕೊಳ್ಳಲು ಕಲಿಯಬೇಕು, ನಿಜ. ಆದರೆ ಕಲಿತ ಮಾತ್ರಕ್ಕೆ ಹಿರಿಯರು ಕೈಬಿಡಬಾರದು. ಹದಿನೈದು ಹದಿನಾರರ ವಯಸ್ಸಿನಲ್ಲಿ ಬೇಸರವು ಹೆಚ್ಚಿ, ಎಲ್ಲವನ್ನೂ ಬಿಟ್ಟುಬಿಡುವ ಮನಸ್ಸು ಬರುವುದುಂಟು. ಆಗ ಪಕ್ಕದಲ್ಲಿ ಕುಳಿತು, “ಈ ಒಂದು ವಾರ ಲೆಕ್ಕವನ್ನು ನಾನು ಬರೆಯುತ್ತೇನೆ, ನೀನು ವಿಶ್ರಮಿಸಿಕೋ” ಎನ್ನುವ ತಂದೆಯು ಸಾವಿರ ಉಪದೇಶಗಳಿಗೆ ಸಮಾನನು. ಬೇಸರಪಡದೆ ಮಾಡಿದ ಕೆಲಸವು ವ್ಯರ್ಥವಾಗುವುದಿಲ್ಲ. ಸಕ್ಕರೆಯನ್ನು ಹದದಲ್ಲಿಟ್ಟುಕೊಂಡವರಿಗೆ ಕಣ್ಣು, ಮೂತ್ರಪಿಂಡ, ನರಗಳ ತೊಂದರೆಗಳು ಬಹಳ ಕಡಮೆಯಾಗುವುವೆಂದು ಅಮೆರಿಕ, ಕೆನಡಾಗಳಲ್ಲಿ 1,441 ರೋಗಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ದೀರ್ಘ ಪರಿಶೀಲನೆಯಿಂದ ಸಿದ್ಧವಾಗಿದೆ.

6. ಮುಚ್ಚಿಡುವ ವಿಷಯ

ಹೆಣ್ಣುಮಕ್ಕಳ ತಾಯಂದಿರು ನನ್ನ ಕೊಠಡಿಯ ಬಾಗಿಲನ್ನು ಮುಂದಕ್ಕೆಳೆದು, “ಯಾರಿಗೂ ತಿಳಿಸಬೇಡಿರಿ, ಮುಂದೆ ಮದುವೆಗೆ ಅಡ್ಡಿಯಾದೀತು” ಎನ್ನುತ್ತಾರೆ. ಅವರ ಭಯವನ್ನು ನಾನು ಹಗುರವೆಂದು ಎಣಿಸುವುದಿಲ್ಲ. ಮೇಲೆ ಹೇಳಿದ ಎಲಿಜಬೆತ್ತಳೂ ತನ್ನ ರೋಗವನ್ನು ಹೊರಗಿನವರಿಂದ ಜೀವಮಾನವೆಲ್ಲಾ ಮರೆಮಾಡಿದಳು. ಆದರೆ ಮುಚ್ಚಿಡಬೇಕೆಂಬ ಮಾತಿನಿಂದ ಮಗಳು ಕಲಿಯುವ ಪಾಠವೇನು? ತನ್ನಲ್ಲಿ ನಾಚಿಕೆಪಡತಕ್ಕದ್ದು ಏನೋ ಇದೆಯೆಂಬುದೇ. ಆಮೇಲೆ ಅವಳು ಮದುವೆಯ ಮನೆಯಲ್ಲಿ ಚುಚ್ಚಿಕೊಳ್ಳದೆ ಉಣ್ಣುತ್ತಾಳೆ. ಬಸ್ಸಿನಲ್ಲಿ ತಲೆಸುತ್ತಿದರೂ ಹೇಳುವುದಿಲ್ಲ. ಊರಿಗೆಲ್ಲಾ ಸಾರಬೇಕಾಗಿಲ್ಲ, ಆದರೆ ಉಪಾಧ್ಯಾಯಿನಿಯರು, ಇಬ್ಬರು ಮೂವರು ಗೆಳತಿಯರು, ನಿತ್ಯ ಜೊತೆಯಲ್ಲಿರುವವರು ತಿಳಿದಿರಲೇಬೇಕು. ವರನ ಮನೆಯವರಿಗೂ ಮೊದಲೇ ತಿಳಿಸುವುದೇ ಲೇಸು. ಮರೆಮಾಚಿ ಕಟ್ಟಿದ ಸಂಸಾರದಲ್ಲಿ ಔಷಧವನ್ನು ಕದ್ದು ತೆಗೆದುಕೊಳ್ಳಬೇಕಾದ ಗತಿ ಮಗಳಿಗೆ ಬರಬಾರದು. ಗರ್ಭಧಾರಣೆಗೆ ಮುಂಚಿನಿಂದಲೇ ವೈದ್ಯರ ಆರೈಕೆಯಲ್ಲಿದ್ದು ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡರೆ ತಾಯ್ತನವು ಈ ರೋಗವಿರುವವರಿಗೂ ಸಾಧ್ಯವಾಗಿದೆ.

7. ಶಾಲೆಯ ಕರ್ತವ್ಯ, ಸಹಾಯದ ಬಾಗಿಲು

ಮಕ್ಕಳ ಹಕ್ಕುಗಳ ರಕ್ಷಣೆಯ ರಾಷ್ಟ್ರೀಯ ಆಯೋಗವು 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಇಂತಹ ಮಕ್ಕಳು ತರಗತಿಯಲ್ಲಿಯೂ ಪರೀಕ್ಷೆಯಲ್ಲಿಯೂ ಸಕ್ಕರೆಯನ್ನು ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ತಿಂಡಿ ತಿನ್ನಲು ಅವಕಾಶವಿರಬೇಕೆಂದು ಸೂಚಿಸಿತು. ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಉಪಾಧ್ಯಾಯಿನಿಯರಾಗಿದ್ದೀರಿ. ಒಂದು ಮಗುವು ಪದೇ ಪದೇ ನೀರು ಕುಡಿಯುತ್ತಾ, ಪದೇ ಪದೇ ಹೊರಗೆ ಹೋಗುತ್ತಾ, ಸೊರಗುತ್ತಾ, ದಣಿಯುತ್ತಾ ಇದ್ದರೆ ಅದೇ ದಿನ ಪೋಷಕರಿಗೆ ಹೇಳಿಕಳುಹಿಸಿರಿ. ನನ್ನ ತಪ್ಪನ್ನು ನೀವು ಮಾಡಬೇಡಿರಿ.

ಮಗುವಾಗಲಿ, ತಾಯಿತಂದೆಗಳಾಗಲಿ ಎರಡು ವಾರಗಳಿಗಿಂತ ಹೆಚ್ಚು ಕಾಲ ಯಾವುದರಲ್ಲಿಯೂ ಮನಸ್ಸಿಲ್ಲದೆ ಕುಗ್ಗಿದ್ದರೆ, ಇಲ್ಲವೆ ಹುಡುಗಿಯು ಮೈ ಇಳಿಯಲೆಂದು ಇನ್ಸುಲಿನ್ನನ್ನು ಬೇಕೆಂತಲೇ ಬಿಡುತ್ತಿದ್ದರೆ, ಮಧುಮೇಹದ ವೈದ್ಯರೊಡನೆ ಅದನ್ನೂ ಹೇಳಬೇಕು. ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ ಒಂದು ದಿನವೂ ಕಾಯತಕ್ಕದ್ದಲ್ಲ. ಸರಕಾರದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಕೊನೆಯದಾಗಿ, “ಇನ್ನು ಎಷ್ಟು ದಿನ ಈ ಸೂಜಿ?” ಎಂಬ ಪ್ರಶ್ನೆಯು ಉಳಿಯಿತು. ಈ ದಿನದ ತಿಳಿವಳಿಕೆಯಂತೆ, ಬದುಕಿರುವಷ್ಟು ದಿನ. ಇದನ್ನು ಮಗುವಿಗೆ ಸುಳ್ಳು ಹೇಳದೆ, ಮೃದುವಾಗಿ ತಿಳಿಸಬೇಕು. ನಮ್ಮ ಹುಡುಗಿಗೆ ಅವಳ ತಾಯಿಯೇ ತಿಳಿಸಿದಳು. ಎರಡು ದಿನ ಅವಳು ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಸೂಜಿಯನ್ನು ಕೇಳಿ ತೆಗೆದುಕೊಂಡಳು. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೇಜಿನ ಮೇಲೆ ಬಿಸ್ಕತ್ತಿನ ಪೊಟ್ಟಣವನ್ನು ಇಟ್ಟುಕೊಂಡು ಗಣಿತವನ್ನು ಬರೆದಳು. ನಡುವೆ ಎದ್ದು ಹೊರಗೆ ಹೋಗಲು ಅಪ್ಪಣೆ ಕೇಳಿದಳು. ಆ ದಿನ ಕೊಠಡಿಯಲ್ಲಿ ಮೇಲ್ವಿಚಾರಣೆಗಿದ್ದವಳು ನಾನೇ. ಈ ಸಲ ಬಾಗಿಲನ್ನು ನಾನೇ ತೆರೆದುಕೊಟ್ಟೆನು.