ಬೆಳಗು, ಬಿಸಿಲು, ಬೆಳುದಿಂಗಳು

ಚಕೋರಪಕ್ಷಿಯು ಚಂದ್ರನ ಕಾಂತಿಯನ್ನೇ ಹಂಬಲಿಸುವಂತೆ ಭಕ್ತನ ಮನಸ್ಸು ಕೂಡಲಸಂಗಮದೇವನ ಸ್ಮರಣೆಯನ್ನೇ ಹಂಬಲಿಸುವುದೆಂಬ ಭಾವವು 12ನೆಯ ಶತಮಾನದ ಬಸವಣ್ಣನವರ ಒಂದು ವಚನದಲ್ಲಿ ಬಂದಿದೆ. ಅಲ್ಲಿ ಚಂದ್ರನ ಕಾಂತಿಗೆ ‘ಬೆಳಗು’ ಎಂಬ ಪದವು ಪ್ರಯೋಗವಾಗಿದೆ. ಈಗಿನ ಬಳಕೆಯ ಮಾತಿನಲ್ಲಿ ಬೆಳಗೆಂದರೆ ಪ್ರಾತಃಕಾಲ. ಆ ಅರ್ಥವೊಂದನ್ನೇ ಬಲ್ಲ ಬಾಲಕನು ಈ ವಚನವನ್ನೋದಿದರೆ, ಚಕೋರವು ಸೂರ್ಯೋದಯವಾಗಲೆಂದು ಕಾದಿದೆಯೆಂದು ತಿಳಿದಾನು. ಬೆಳುದಿಂಗಳಿನಿಂದಲೇ ಬದುಕುವುದೆಂಬ ಕವಿಸಮಯವುಳ್ಳ ಹಕ್ಕಿಯು ಹಗಲನ್ನು ಬೇಡಿದಂತಾಗಿ ಭಾವವೇ ತಲೆಕೆಳಗಾಗುವುದು. ಆದುದರಿಂದ ವಚನಗಳನ್ನು ಓದುವವರು ಬೆಳಕಿನ ಪದಗಳನ್ನು ಚೆನ್ನಾಗಿ ಅರಿತಿರುವುದು ಅವಶ್ಯಕ.

ಬಿಳುಪನ್ನು ಸೂಚಿಸುವ ‘ಬೆಳ್’ ಎಂಬ ಮೂಲದಿಂದ ಬೆಳಗು, ಬೆಳಕು, ಬೆಳ್ಳಿ ಮುಂತಾದ ಶಬ್ದಗಳು ಹುಟ್ಟಿವೆ. ‘ತಿಂಗಳ್’ ಎಂದರೆ ಚಂದ್ರ. ಬೆಳ್, ತಿಂಗಳ್ ಎಂಬಿವು ಸೇರಿದಾಗ ತಕಾರಕ್ಕೆ ದಕಾರವು ಆದೇಶವಾಗಿ ‘ಬೆಳ್ದಿಂಗಳ್’ ಎಂದಾಗುವುದು. ಇದೇ ಇಂದಿನ ಬೆಳುದಿಂಗಳು. ಒಂದು ಹುಣ್ಣಿಮೆಯಿಂದ ಮತ್ತೊಂದು ಹುಣ್ಣಿಮೆಗೆ ಸುಮಾರು 29½ ದಿನಗಳಾಗುವುದರಿಂದ ಚಂದ್ರನ ಹೆಸರೇ ಮಾಸಕ್ಕೂ ಸಂದಿತು.

ಸೂರ್ಯನ ಬೆಳಕಿಗಾದರೋ ಹಿರಿಯರು ಬಿಸಿಯಿಂದ ಹೆಸರಿಟ್ಟು ‘ಬಿಸಿಲು’ ಎಂದರು. ಕದಿರೆಂದರೆ ಕಿರಣ, ಸೂರ್ಯನು ಬಿಸುಗದಿರ, ಚಂದ್ರನು ತಂಗದಿರ. ಒಂದನ್ನು ಮೈ ಅರಿಯುವ ಕಾವಿನಿಂದಲೂ, ಇನ್ನೊಂದನ್ನು ಕಣ್ಣು ಕಾಣುವ ಬಿಳುಪಿನಿಂದಲೂ ಗುರುತಿಸಿದುದು ಕನ್ನಡದ ಸೂಕ್ಷ್ಮತೆ. ಬಿಸಿಲಿನಲ್ಲಿಯೂ ಮುಂಜಾನೆಯದು ಎಳೆಬಿಸಿಲು, ಹೊನ್ನಿನ ಬಣ್ಣದ್ದು ಹೊಂಬಿಸಿಲು, ಕಡುತಾಪದ್ದು ಬಿರುಬಿಸಿಲು, ಹೊತ್ತಿಳಿದ ಮೇಲಿನದು ಇಳಿಬಿಸಿಲು.

ಸಂಸ್ಕೃತದಲ್ಲಿ ಅಮರಸಿಂಹನು ಬೆಳುದಿಂಗಳಿಗೆ ಮೂರು ಹೆಸರುಗಳನ್ನು ಕೊಟ್ಟಿರುವನು. ಚಂದ್ರನಿಂದ ಬಂದುದು ಚಂದ್ರಿಕಾ, ಇರುಳಿನಲ್ಲರಳುವ ನೈದಿಲೆಯ, ಎಂದರೆ ಕುಮುದದ ಸಂಬಂಧವುಳ್ಳುದು ಕೌಮುದೀ, ಜ್ಯೋತಿಯಿಂದಾದುದು ಜ್ಯೋತ್ಸ್ನಾ. ಕಡೆಯದರ ತದ್ಭವವೇ ಹಳಗನ್ನಡದ ‘ಜೊನ್ನ’. ಚಕೋರಕ್ಕೆ ‘ಜೊನ್ನವಕ್ಕಿ’ ಎಂದು ಹೆಸರಾದುದು ಇದರಿಂದಲೇ.

ಚಂದ್ರನಿಗೆ ಸ್ವಂತ ಬೆಳಕಿಲ್ಲ. ಅವನ ದೀಪ್ತಿಯು ಆದಿತ್ಯನಿಂದ ಬಂದುದೆಂದು ಯಾಸ್ಕಾಚಾರ್ಯರು ನಿರುಕ್ತದಲ್ಲಿಯೇ ಹೇಳಿರುವರು. ಕ್ರಿ.ಶ. 499ರ ಕಾಲದ ಆರ್ಯಭಟೀಯದಲ್ಲಿಯೂ ಈ ತತ್ತ್ವವಿದೆ. ಚಂದ್ರನು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಪಾಲನ್ನು ಮಾತ್ರ ಹಿಂದಿರುಗಿಸುತ್ತಾನೆ. ಹುಣ್ಣಿಮೆಯ ಬೆಳಕೂ ಸಹ ಬಿಸಿಲಿಗಿಂತ ಸುಮಾರು 4 ಲಕ್ಷ ಪಾಲು ಕಡಿಮೆಯಾದುದರಿಂದ ಅದರ ಕಾವು ಮೈಗೆ ತಿಳಿಯದು. ತಂಗದಿರನೆಂಬ ಹೆಸರು ಅನುಭವಕ್ಕೆ ಒಪ್ಪುವಂತಹುದೇ ಆಗಿದೆ.

ಇನ್ನು ‘ಬೆಳಗು’ ಎಂಬುದು ನಾಮಪದವೂ ಅಹುದು, ಕ್ರಿಯಾಪದವೂ ಅಹುದು. ಕಾಂತಿಯೂ ಬೆಳಗು, ಆ ಕಾಂತಿಯು ಮೂಡುವ ಹೊತ್ತೂ ಬೆಳಗು. ಆರತಿಯನ್ನು ಬೆಳಗುತ್ತಾರೆ, ಮನೆಯ ತಾಯಂದಿರು ಪಾತ್ರೆಯನ್ನೂ ಬೆಳಗುತ್ತಾರೆ. ಪಾತ್ರೆಯನ್ನು ಬೆಳಗುವಾಗ ಹೊಸ ಹೊಳಪನ್ನು ಹೊರಗಿನಿಂದ ತಂದು ಹಚ್ಚುವುದಿಲ್ಲ. ಕವಿದ ಮಸಿಯನ್ನು ಕಳೆಯುವುದಷ್ಟೇ. ಕಳೆದ ಕೂಡಲೇ ಮೊದಲಿನಿಂದಲೂ ಇದ್ದ ತಾಮ್ರದ ಕಾಂತಿ ತೋರುತ್ತದೆ. ಅಂತರಂಗದ ಬೆಳಗನ್ನು ಕುರಿತು ಶರಣರು ನುಡಿಯುವಾಗ ಈ ಅಡಿಗೆಮನೆಯ ಅರ್ಥವನ್ನು ನೆನೆದುಕೊಂಡರೆ, ಅದು ದೂರದ ಮಾತಾಗಿ ಉಳಿಯುವುದಿಲ್ಲ.

ವಿದ್ಯುದ್ದೀಪವು ಮನೆಮನೆಗೆ ಬಂದುದು ಉಪಕಾರವೇ. ಆದರೆ ಇರುಳೆಲ್ಲ ಅದೊಂದೇ ಬೆಳಕನ್ನು ಕಾಣುವ ಮಕ್ಕಳಿಗೆ ಬೆಳುದಿಂಗಳು ಬರಿಯ ಶಬ್ದವಾಗಿ ಉಳಿಯುವ ಭಯವಿದೆ. ವಸ್ತುವನ್ನು ಕಾಣದವನಿಗೆ ಪದವು ನಿಲ್ಲದು. ಪದವು ನಿಲ್ಲದವನಿಗೆ ವಚನದ ಉಪಮೆಯು ತೆರೆಯದು. ಆದಕಾರಣ ಗೃಹಸ್ಥರು ಹುಣ್ಣಿಮೆಯಂದು ದೀಪವನ್ನಾರಿಸಿ, ಅಂಗಳದಲ್ಲಿಯೋ ಮಾಳಿಗೆಯ ಮೇಲೆಯೋ ಮಕ್ಕಳೊಡನೆ ಬೆಳುದಿಂಗಳೂಟವನ್ನು ಮಾಡಲಿ. ಬಿಸಿಲು ಯಾವುದು, ಜೊನ್ನ ಯಾವುದು, ಬೆಳಗೆಂದರೇನು ಎಂಬುದನ್ನು ಆ ಬೆಳಕಿನಲ್ಲಿಯೇ ಹೇಳಿಕೊಡಲಿ. ಅನಂತರ ಚಕೋರದ ವಚನವನ್ನು ಓದಿಸಲಿ. ಆಗ ಮಕ್ಕಳಿಗೆ ಟೀಕೆಯ ಅಗತ್ಯವಿರದು.