ಕೂದಲು ಉದುರಿದರೆ ಎಣ್ಣೆಯೊಂದೇ ಮದ್ದಲ್ಲ



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಸಂಘಗಳ ಸಭೆಗೆ ಹೋದಾಗಲೆಲ್ಲ “ತಲಿ ಹಿಕ್ಕೊಂಡ್ರ ಬಾಚಣಿಕಿ ತುಂಬ ಕೂದಲಾ ಬರ್ತಾವ್ರಿ” ಎಂಬ ಮಾತು ಕೇಳುತ್ತೇವೆ. “ಬೋರಿನ ಸವಳು ನೀರಿಗೆ ಹಿಂಗಾಗೇತಿ” ಎಂದು ಒಬ್ಬರು, “ಥೈರಾಯ್ಡ್ ಇರಬೇಕು” ಎಂದು ಇನ್ನೊಬ್ಬರು. ಸವಳು ನೀರಿಗೆ ಕೂದಲು ಒರಟಾಗಬಹುದು, ತುಂಡಾಗಬಹುದು. ಆದರೆ ಬುಡಸಮೇತ ಉದುರುತ್ತಿದ್ದರೆ ಕಾರಣವನ್ನು ಮೈಯೊಳಗೂ ಹುಡುಕಬೇಕು.

ಥೈರಾಯ್ಡ್ ಎಂಬುದು ರೋಗದ ಹೆಸರಲ್ಲ. ಅದು ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ಅದರ ರಸ ಕಡಿಮೆಯಾದರೆ ಸುಸ್ತು, ಮೈ ಭಾರ, ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ, ಮುಟ್ಟಿನಲ್ಲಿ ಹೆಚ್ಚು ಸ್ರಾವ. ಹೆಚ್ಚಾದರೆ ಎದೆಬಡಿತ, ಕೈ ನಡುಕ, ಬೆವರು, ತೂಕ ಇಳಿಯುವುದು. ಎರಡರಲ್ಲೂ ಕೂದಲು ತೆಳುವಾಗುತ್ತದೆ. ಕನ್ನಡಿ ಮುಂದೆ ಕತ್ತು ಎತ್ತಿ ಒಂದು ಗುಟುಕು ನೀರು ನುಂಗಿರಿ. ಗಂಟಲಲ್ಲಿ ಗಡ್ಡೆಯಂತೆ ಏನಾದರೂ ಮೇಲೆ ಕೆಳಗೆ ಆಡಿದರೆ ದವಾಖಾನೆಗೆ ತೋರಿಸಿರಿ.

ಈ ಗ್ರಂಥಿಗೆ ಅಯೋಡಿನ್ ಬೇಕು. ಗಳಗಂಡ ತಡೆಯಲು ಸರ್ಕಾರ 1962ರಲ್ಲೇ ಕಾರ್ಯಕ್ರಮ ಆರಂಭಿಸಿತು. 2006ರ ಮೇ ತಿಂಗಳಿಂದ ಊಟಕ್ಕೆ ಅಯೋಡಿನ್ ಇಲ್ಲದ ಉಪ್ಪು ಮಾರುವುದಕ್ಕೆ ನಿಷೇಧವಿದೆ. ಆದ್ದರಿಂದ ಸಂತೆಯ ಬಿಡಿ ಹರಳುಪ್ಪು ಬೇಡ, ಪಾಕೀಟಿನ ಮೇಲೆ ಅಯೋಡಿನ್‌ಯುಕ್ತ ಎಂದು ಬರೆದದ್ದನ್ನೇ ನೋಡಿ ತರೋಣ. ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡೋಣ. ಸಜ್ಜಿ ರೊಟ್ಟಿಯನ್ನೇ ಬಿಡಬೇಕೆಂದು ಕೆಲವರು ಹೆದರಿಸುತ್ತಾರೆ. ಸರಿಯಾದ ಉಪ್ಪು ಬಳಸುವ ಮನೆಯಲ್ಲಿ, ಬೇರೆ ಕಾಳು ಪಲ್ಲೆಗಳ ಜೊತೆ ಉಂಡರೆ ಆ ಹೆದರಿಕೆ ಬೇಕಿಲ್ಲ.

ಹಾಗಾದರೆ ಉಪ್ಪು ಸರಿಯಿದ್ದವರಿಗೂ ಯಾಕೆ ಬರುತ್ತದೆ? ದೇಹದ ರಕ್ಷಣಾ ಶಕ್ತಿಯೇ ತಪ್ಪಿ ಈ ಗ್ರಂಥಿಯ ಮೇಲೆ ಎರಗುವುದುಂಟು. ಇದು ಗಂಡಸರಿಗಿಂತ ನಮಗೇ ಹೆಚ್ಚು. ತಾಯಿಗೋ ಅಕ್ಕನಿಗೋ ಇದ್ದರೆ, ಹೆರಿಗೆಯಾಗಿ ವರ್ಷದೊಳಗಿದ್ದರೆ ಎಚ್ಚರ ಬೇಕು. ಇದಕ್ಕೆ ಹೆಚ್ಚು ಉಪ್ಪು ತಿಂದರೆ ಪರಿಹಾರವಿಲ್ಲ, ಬಿ.ಪಿ. ಮಾತ್ರ ಏರೀತು.

ಎಲ್ಲ ಕೂದಲುದುರುವಿಕೆಯೂ ಥೈರಾಯ್ಡ್ ಅಲ್ಲ. ರಕ್ತ ಕಡಿಮೆಯಿರುವುದು ದೊಡ್ಡ ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಗಂಡ ಮಕ್ಕಳು ಉಂಡ ಮೇಲೆ ಉಳಿದ ರೊಟ್ಟಿ, ಖಾರಪುಡಿಯಲ್ಲೇ ಊಟ ಮುಗಿಸುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ! ಇನ್ನು ಡೆಂಗಿ, ಟೈಫಾಯ್ಡ್ ಜ್ವರವಾಗಿ ಅಥವಾ ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಉದುರುವ ಕೂದಲು ಬಹುಮಟ್ಟಿಗೆ ತಾನೇ ಮರಳಿ ಬರುತ್ತದೆ. ಬಿಗಿಯಾಗಿ ಜಡೆ ಎಳೆದು ಕಟ್ಟಿದರೂ ಹಣೆಯ ಮೇಲಿನ ಕೂದಲು ಹೋಗುತ್ತದೆ.

ಆದ್ದರಿಂದ ದುಬಾರಿ ಎಣ್ಣೆಗೆ ಸಂಘದಿಂದ ಸಾಲ ಎತ್ತುವ ಮೊದಲು ವೈದ್ಯರನ್ನು ಕಂಡು ಹಿಮೋಗ್ಲೋಬಿನ್ ಮತ್ತು ಟಿ.ಎಸ್.ಎಚ್. ರಕ್ತ ಪರೀಕ್ಷೆ ಬಗ್ಗೆ ಕೇಳಿರಿ. ಕೂದಲಿಗೆಂದು ಬಯೋಟಿನ್ ಗುಳಿಗೆ ನುಂಗುತ್ತಿದ್ದರೆ ಮೊದಲೇ ಹೇಳಿರಿ, ಅದರಿಂದ ಥೈರಾಯ್ಡ್ ವರದಿ ತಪ್ಪಾಗಿ ಬರಬಹುದು.

ಥೈರಾಯ್ಡ್ ರಸ ಕಡಿಮೆಯಿದೆಯೆಂದು ವೈದ್ಯರು ಗುಳಿಗೆ ಕೊಟ್ಟರೆ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಚಹಾ ಕುಡಿಯಿರಿ. ಕಬ್ಬಿಣಾಂಶದ, ಕ್ಯಾಲ್ಸಿಯಂ ಗುಳಿಗೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ಆರಾಮ ಆಯ್ತೆಂದು ನೀವಾಗಿಯೇ ನಿಲ್ಲಿಸಬೇಡಿರಿ. ಬಸಿರು ನಿಂತಿತೆಂದು ತಿಳಿದ ಕೂಡಲೇ ವೈದ್ಯರಿಗೆ ತಿಳಿಸಿರಿ. ಆಗ ಗುಳಿಗೆಯ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ, ಹೊಟ್ಟೆಯೊಳಗಿನ ಕೂಸಿನ ಮೆದುಳು ಬೆಳೆಯಲು ಮೊದಲ ತಿಂಗಳುಗಳಲ್ಲಿ ತಾಯಿಯ ಈ ರಸವೇ ಆಧಾರ.