ಕಡಲಾಚೆಯ ವಿದ್ಯಾರ್ಥಿಜೀವನ

ಓದುವುದಕ್ಕಾಗಿ ಪರದೇಶಕ್ಕೆ ಹೊರಟವನಿಗೆ ನಮ್ಮ ಕಡೆ ಎರಡು ಬಗೆಯ ಉಪದೇಶಗಳು ತಪ್ಪದೆ ದೊರೆಯುತ್ತವೆ. ಮನೆಯ ಹಿರಿಯರು ‘ನಮ್ಮತನವನ್ನು ಬಿಡಬೇಡ’ ಎನ್ನುತ್ತಾರೆ. ಹೋಗಿ ಬಂದವರು ‘ಅಲ್ಲಿಯವರಂತೆ ಇರುವುದನ್ನು ಬೇಗ ಕಲಿತುಕೋ’ ಎನ್ನುತ್ತಾರೆ. ಎರಡೂ ಹಿತವಚನಗಳೇ. ಆದರೆ ಇವುಗಳಲ್ಲಿ ಯಾವುದರ ಬಲದಿಂದಲೂ ಒಬ್ಬ ವಿದ್ಯಾರ್ಥಿಯು ಮೊದಲ ತಿಂಗಳ ಹಸಿವನ್ನಾಗಲಿ, ಚಳಿಯನ್ನಾಗಲಿ, ಮಾತನಾಡುವವರಿಲ್ಲದ ಸಂಜೆಯನ್ನಾಗಲಿ ಕಳೆಯಲಾರನೆಂದು ನನಗೆ ತೋರುತ್ತದೆ. ನಾನು ಕಡಲು ದಾಟಿದವನಲ್ಲ. ಕಾಲೇಜಿನ ಪುಸ್ತಕಭಂಡಾರದಲ್ಲಿ ಕುಳಿತು, ಹಾಗೆ ದಾಟಿದ ಮೂವರ ವಿದ್ಯಾರ್ಥಿದೆಸೆಯ ವೃತ್ತಾಂತವನ್ನು ಓದಿದವನು ಮಾತ್ರ. 1888ರಲ್ಲಿ ಲಂಡನ್ನಿಗೆ ಹೋದ ಮೋಹನದಾಸ ಗಾಂಧಿ, 1913ರಲ್ಲಿ ನ್ಯೂಯಾರ್ಕಿಗೆ ಹೋದ ಭೀಮರಾವ್ ಅಂಬೇಡ್ಕರ್, 1914ರಲ್ಲಿ ಕೇಂಬ್ರಿಜ್ಜಿಗೆ ಹೋದ ಶ್ರೀನಿವಾಸ ರಾಮಾನುಜನ್ ಇವರೇ ಆ ಮೂವರು. ಅವರು ಮುಂದೆ ಪಡೆದ ಕೀರ್ತಿಯನ್ನು ಬದಿಗಿಟ್ಟು, ಏನು ಉಂಡರು, ಹೇಗೆ ಮಲಗಿದರು, ಯಾರೊಡನೆ ಮಾತನಾಡಿದರು ಎಂಬಷ್ಟನ್ನೇ ನೋಡಿದರೆ, ‘ಹೊಂದಿಕೊಳ್ಳುವುದು’ ಎಂಬ ಮಾತಿಗೆ ನಾವು ಕೊಡುವ ಅರ್ಥ ಸಾಲದೆಂದು ತಿಳಿಯುತ್ತದೆ.

ಗಾಂಧಿಯವರು ಮುಂಬಯಿಯಿಂದ ಹಡಗು ಹತ್ತಿದ್ದು 1888ರ ಸೆಪ್ಟೆಂಬರ್ 4ರಂದು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಸಮುದ್ರಯಾನ ನಿಷಿದ್ಧವೆಂದು ಮುಂಬಯಿಯ ಮೋಢ ಬನಿಯಾ ಕುಲದ ಹಿರಿಯರು ಸಭೆ ಸೇರಿಸಿ ಅವರನ್ನು ಜಾತಿಯಿಂದ ಹೊರಗಿಟ್ಟಿದ್ದರು. ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಪ್ರತಿಜ್ಞೆಯೊಂದು ಬೆನ್ನಿಗಿತ್ತು. ಹಡಗಿನಿಂದ ಇಳಿಯುವಾಗ ಅವರು ಬಿಳಿಯ ಫ್ಲಾನೆಲ್ ಉಡುಪು ಧರಿಸಿದ್ದರಂತೆ. ದಡದಲ್ಲಿದ್ದವರಲ್ಲಿ ಬಿಳಿ ಉಟ್ಟವರು ಅವರೊಬ್ಬರೇ! ಅಂದೇ ನೋಡಲು ಬಂದ ಡಾಕ್ಟರ್ ಪ್ರಾಣಜೀವನ ಮೆಹತಾ ಅವರ ನಯವಾದ ಟೋಪಿಯನ್ನು ಕುತೂಹಲದಿಂದ ಎತ್ತಿಕೊಂಡು, ಕೈಯಿಂದ ಹಿಂದುಮುಂದಾಗಿ ಸವರಿ ಅದರ ನವಿರನ್ನು ಕೆಡಿಸಿದರು. ಆಗ ಮೆಹತಾ ಅವರು ಹೇಳಿಕೊಟ್ಟದ್ದೇ ಐರೋಪ್ಯ ಶಿಷ್ಟಾಚಾರದ ಮೊದಲ ಪಾಠ: ಪರರ ವಸ್ತುವನ್ನು ಮುಟ್ಟಬಾರದು, ಗಟ್ಟಿಯಾಗಿ ಮಾತನಾಡಬಾರದು, ಮೊದಲ ಭೇಟಿಯಲ್ಲಿಯೇ ನಮ್ಮ ದೇಶದಲ್ಲಿ ಕೇಳುವಂತೆ ಪ್ರಶ್ನೆಗಳನ್ನು ಕೇಳಬಾರದು. (ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರ ಊರು, ಕುಲ, ಸಂಬಳ, ಮಕ್ಕಳೆಷ್ಟು ಎಂಬುದನ್ನೆಲ್ಲ ಮುಂದಿನ ನಿಲ್ದಾಣದೊಳಗೆ ತಿಳಿದುಕೊಳ್ಳುವ ನಮಗೆ ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಕಠಿನವಾದೀತು.)

ಶಿಷ್ಟಾಚಾರಕ್ಕಿಂತ ಕಷ್ಟವಾದದ್ದು ಹೊಟ್ಟೆಯ ಪ್ರಶ್ನೆ. ಆಶ್ರಯ ಕೊಟ್ಟ ಮನೆಗಳಲ್ಲಿ ಬೆಳಿಗ್ಗೆ ಓಟ್ಸಿನ ಗಂಜಿ, ಮಧ್ಯಾಹ್ನ ರಾತ್ರಿಗಳಲ್ಲಿ ಬೇಯಿಸಿದ ಸೊಪ್ಪು, ರೊಟ್ಟಿ, ಜಾಮು. ಎರಡು ಮೂರು ತುಂಡಿನ ಮೇಲೆ ರೊಟ್ಟಿ ಕೇಳಲು ಅವರಿಗೆ ನಾಚಿಕೆ. ಹಾಸ್ಟೆಲಿನ ಸಾಲಿನಲ್ಲಿ ಎರಡನೆಯ ಸಲ ತಟ್ಟೆ ಚಾಚಲು ಸಂಕೋಚಪಟ್ಟ ನಮ್ಮಂಥವರಿಗೆ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಕೊನೆಗೆ ದಿನಕ್ಕೆ 10-12 ಮೈಲಿ ನಡೆದು ಅಲೆದು, ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದು ಶಾಕಾಹಾರದ ಉಪಾಹಾರಗೃಹವನ್ನು ಕಂಡುಹಿಡಿದರು. ಅಲ್ಲಿಯೇ ಒಂದು ಷಿಲಿಂಗು ಕೊಟ್ಟು, ಹೆನ್ರಿ ಸಾಲ್ಟ್ ಎಂಬವರು ಶಾಕಾಹಾರದ ಪರವಾಗಿ ಬರೆದ ಪುಸ್ತಕವೊಂದನ್ನು ಕೊಂಡರು. ತಾಯಿಗೆ ಕೊಟ್ಟ ಮಾತೆಂದು ಅದುವರೆಗೆ ಪಾಲಿಸುತ್ತಿದ್ದುದು, ಆ ಪುಸ್ತಕವನ್ನು ಓದಿದ ಮೇಲೆ ತಾವೇ ಆರಿಸಿಕೊಂಡ ಮತವಾಯಿತು.

ಇಷ್ಟಾದರೂ ಅನುಕರಣೆಯ ಹುಚ್ಚು ಅವರನ್ನು ಬಿಡಲಿಲ್ಲ. ಊಟದಲ್ಲಿ ಕಂಡ ಒರಟುತನವನ್ನು ಬೇರೆ ನಾಜೂಕುಗಳಿಂದ ತುಂಬಿಕೊಡಬೇಕೆಂದು 19 ಷಿಲಿಂಗಿನ ಎತ್ತರದ ಟೋಪಿ, ಬಾಂಡ್ ಬೀದಿಯಲ್ಲಿ ಹೊಲಿಸಿದ 10 ಪೌಂಡಿನ ಸಂಜೆಯುಡುಪು, ಅಣ್ಣನಿಂದ ತರಿಸಿಕೊಂಡ ಚಿನ್ನದ ಗಡಿಯಾರದ ಸರಪಳಿ, ನೃತ್ಯಪಾಠ, ಪಿಟೀಲುಪಾಠ, ಭಾಷಣಪಾಠ ಎಲ್ಲವೂ ಆದವು. ತಾಳಕ್ಕೆ ಸರಿಯಾಗಿ ಹೆಜ್ಜೆಯೇ ಬೀಳಲಿಲ್ಲ. ಈ ವ್ಯಾಮೋಹ ಸುಮಾರು ಮೂರು ತಿಂಗಳು ನಡೆದು ನಿಂತಿತು. ಆಮೇಲೆ ಕಾಸುಕಾಸಿಗೂ ಲೆಕ್ಕ ಬರೆದು, ಒಂದು ಕೋಣೆ ಹಿಡಿದು, ಗಂಜಿ ಕೋಕೋಗಳನ್ನು ತಾವೇ ಕಾಯಿಸಿಕೊಂಡು, ದಿನಕ್ಕೆ 1 ಷಿಲಿಂಗು 3 ಪೆನ್ನಿಯಲ್ಲಿ ಊಟ ಮುಗಿಸುವಂತಾದರು. ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುವುದು, ಅವರು ಲಂಡನ್ನಿನ ಶಾಕಾಹಾರಿಗಳ ಸಂಘಕ್ಕೆ ಸೇರಿ, 1890ರಲ್ಲಿ ಅದರ ಕಾರ್ಯಕಾರಿ ಸಮಿತಿಗೆ ಬಂದದ್ದು. ಬೇಸ್‌ವಾಟರ್ ಬಡಾವಣೆಯಲ್ಲಿ ತಾವೇ ಒಂದು ಸಣ್ಣ ಸಂಘ ಕಟ್ಟಿ ಅದರ ಕಾರ್ಯದರ್ಶಿಯಾದದ್ದು. ಯಾವ ನಿಯಮದಿಂದಾಗಿ ಅವರು ಊಟದ ಮೇಜಿನಲ್ಲಿ ಒಂಟಿಯಾಗಿದ್ದರೋ ಅದೇ ನಿಯಮದಿಂದ ಇಂಗ್ಲಿಷರ ನಡುವೆ ಅವರಿಗೆ ಗೆಳೆಯರು ಸಿಕ್ಕರು. ಬಿಳಿಯ ಫ್ಲಾನೆಲ್ಲೂ ಎತ್ತರದ ಟೋಪಿಯೂ ಮಾಡದ ಕೆಲಸವನ್ನು ಊಟದ ವ್ರತ ಮಾಡಿತು. 1891ರ ಜೂನ್ 10ರಂದು ಬ್ಯಾರಿಸ್ಟರರಾದರು. 12ರಂದು ಸ್ವದೇಶಕ್ಕೆ ಹೊರಟರು.

ಹಾಗಾದರೆ ‘ವ್ರತ ಬಿಡದಿದ್ದರೆ ಸಾಕು, ಎಲ್ಲ ಸರಿಹೋಗುತ್ತದೆ’ ಎಂದು ಹಿರಿಯರ ಪಕ್ಷಕ್ಕೆ ಜಯಪತ್ರ ಕೊಡಬಹುದೇ? ಅಲ್ಲಿಯೇ ರಾಮಾನುಜನ್ನರ ವೃತ್ತಾಂತ ಅಡ್ಡ ಬರುತ್ತದೆ. ಅವರೂ ಶಾಕಾಹಾರಿಗಳೇ, ಗಾಂಧಿಯವರಿಗಿಂತ ಒಂದು ಕೈ ಮಿಗಿಲಾದ ನಿಷ್ಠಾವಂತರು. 1914ರ ಮಾರ್ಚಿಯಲ್ಲಿ ಮದರಾಸು ಬಿಟ್ಟು ಏಪ್ರಿಲಿನಲ್ಲಿ ಇಂಗ್ಲೆಂಡು ಸೇರಿದರು. ಆಗಸ್ಟಿನಲ್ಲಿ ಮಹಾಯುದ್ಧ ಆರಂಭವಾಯಿತು. ಟ್ರಿನಿಟಿ ಕಾಲೇಜಿನ ಭೋಜನಶಾಲೆಗೆ ಹೋಗದೆ, ತಮ್ಮ ಕೋಣೆಯಲ್ಲಿ ಒಬ್ಬರೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಯುದ್ಧಕಾಲದಲ್ಲಿ ತರಕಾರಿ, ಹಾಲುಗಳಿಗೂ ತತ್ವಾರ. ಲೆಕ್ಕದಲ್ಲಿ ಮುಳುಗಿದವರಿಗೆ ಅಡುಗೆಯ ಹೊತ್ತು ತಪ್ಪುವುದು ಸಹಜ.

ಮುಂದೆ ಸಂಖ್ಯಾಶಾಸ್ತ್ರದಲ್ಲಿ ಹೆಸರಾದ ಮಹಲನೋಬಿಸರು ಆಗ ಅಲ್ಲಿ ವಿದ್ಯಾರ್ಥಿ. ಅವರು ನೆನಪಿಸಿಕೊಂಡ ಒಂದು ಸಂಗತಿಯನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ರಾತ್ರಿ ಚಳಿ ತಡೆಯಲಾಗುತ್ತಿಲ್ಲ, ಕೋಟು ತೊಟ್ಟು ಶಾಲು ಹೊದ್ದು ಮಲಗುತ್ತೇನೆ ಎಂದು ರಾಮಾನುಜನ್ ಹೇಳಿದರಂತೆ. ಕಂಬಳಿ ಇಲ್ಲವೇ ಎಂದು ಮಹಲನೋಬಿಸರು ಹೋಗಿ ನೋಡಿದರೆ ಹಾಸಿಗೆಯ ಮೇಲೆ ಬೇಕಾದಷ್ಟು ಕಂಬಳಿಗಳಿದ್ದವು. ಅವುಗಳ ಅಂಚನ್ನು ಹಾಸಿಗೆಯಡಿ ಬಿಗಿಯಾಗಿ ಮಡಿಸಿ, ಮೇಲೊಂದು ಹೊದಿಕೆ ಹಾಸಲಾಗಿತ್ತು. ಅವುಗಳನ್ನು ಬಿಡಿಸಿ ಒಳಗೆ ಸೇರಿಕೊಳ್ಳಬೇಕೆಂಬುದು ರಾಮಾನುಜನ್ನರಿಗೆ ತಿಳಿದಿರಲಿಲ್ಲ. ಅನಂತಶ್ರೇಣಿಗಳ ಗುಟ್ಟು ತಿಳಿದವರಿಗೆ ಇಂಗ್ಲಿಷ್ ಮಂಚದ ಗುಟ್ಟು ತಿಳಿಯದೆ ಹೋದದ್ದು ಬುದ್ಧಿಯ ಕೊರತೆಯಲ್ಲ. ಹುಟ್ಟಿದಂದಿನಿಂದ ಹಾಗೆ ಮಲಗಿದವನಿಗೆ ಅದನ್ನು ಹೇಳಿಕೊಡಬೇಕೆಂದೇ ತೋಚುವುದಿಲ್ಲ. ಹೊಸಬನಿಗೆ ಕೇಳಬೇಕೆಂದೇ ತೋಚುವುದಿಲ್ಲ. ನಮ್ಮ ಮನೆಗಳಿಂದ ಮೊದಲ ಬಾರಿಗೆ ಕಾಲೇಜಿಗೆ ಬಂದವರು ಅರ್ಜಿಯ ಕಿಟಕಿಯ ಮುಂದೆ ನಿಲ್ಲುವುದೂ ಈ ಸ್ಥಿತಿಯಲ್ಲಿಯೇ.

ಇನ್ನೊಂದು ಪ್ರಸಂಗ. ಒಮ್ಮೆ ಅವರು ಭಾರತೀಯ ಮಿತ್ರರನ್ನು ಊಟಕ್ಕೆ ಕರೆದು ಸಾರು ಬಡಿಸಿದರು. ಮೂರನೆಯ ಸಲ ಬಡಿಸಲು ಹೋದಾಗ ಬಂದಿದ್ದ ಹೆಂಗಸರು ಸಾಕೆಂದರು. ಸ್ವಲ್ಪ ಹೊತ್ತಿಗೆ ನೋಡಿದರೆ ಮನೆಯ ಯಜಮಾನರೇ ಇಲ್ಲ! ಬೇಸರದಿಂದ ಹೊರಬಿದ್ದು ಆಕ್ಸ್‌ಫರ್ಡಿಗೆ ಹೋಗಿಬಿಟ್ಟಿದ್ದರು. ಓದುವಾಗ ನಗು ಬರುತ್ತದೆ. ಆದರೆ ನಮ್ಮ ಮನೆಗಳಲ್ಲಿ ಬಡಿಸಿದ್ದನ್ನು ಬೇಡವೆಂದರೆ ಬಡಿಸಿದವರ ಮುಖ ಎಷ್ಟು ಚಿಕ್ಕದಾಗುತ್ತದೆಂದು ಬಲ್ಲವರಿಗೆ, ಊರಿನಿಂದ ಅಷ್ಟು ದೂರದಲ್ಲಿ ಒಬ್ಬಂಟಿಯಾಗಿ ಮಾಡಿದ ಆ ಸಾರಿನ ಬೆಲೆ ಅರ್ಥವಾಗದೆ ಇರದು. ಗಣಿತದಲ್ಲಿ ಹಾರ್ಡಿಯವರಂಥ ಜೊತೆಗಾರರು ಅವರಿಗೆ ದಿನವೂ ಇದ್ದರು, ಊಟದಲ್ಲಿ ಇರಲಿಲ್ಲ. 1917ರಲ್ಲಿ ಕಾಯಿಲೆ ಬಿದ್ದು ಆರೋಗ್ಯಧಾಮಗಳಲ್ಲಿ ಕಾಲ ಕಳೆದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿತು. 1919ರಲ್ಲಿ ಊರಿಗೆ ಮರಳಿದರು. 1920ರ ಏಪ್ರಿಲ್ 26ರಂದು ತಮ್ಮ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಗ ಕ್ಷಯವೆಂದು ಎಣಿಸಿದ್ದ ಆ ರೋಗವು, ಭಾರತದಲ್ಲಿದ್ದಾಗಲೇ ತಗಲಿದ್ದ ಆಮಶಂಕೆ ಯಕೃತ್ತಿಗೇರಿದ್ದರಿಂದ ಬಂದಿರಬಹುದೆಂದು 1994ರಲ್ಲಿ ಸಂಶೋಧಕರೊಬ್ಬರು ಕಾಗದಪತ್ರಗಳನ್ನು ಪರಿಶೀಲಿಸಿ ವಾದಿಸಿದ್ದಾರೆ. ಆದ್ದರಿಂದ ಅವರ ಸಾವಿಗೆ ಊಟದ ನಿಷ್ಠೆಯನ್ನು ಹೊಣೆ ಮಾಡುವುದು ನ್ಯಾಯವಲ್ಲ. ನಾನು ಹೇಳುವುದು ಇಷ್ಟೇ: ಗಾಂಧಿಯವರಿಗೂ ರಾಮಾನುಜನ್ನರಿಗೂ ನಿಯಮ ಒಂದೇ ಆಗಿತ್ತು, ಒಬ್ಬರಿಗೆ ಆ ನಿಯಮದ ಸುತ್ತ ಒಂದು ಪಂಕ್ತಿ ಕೂಡಿತು, ಇನ್ನೊಬ್ಬರಿಗೆ ಕೂಡಲಿಲ್ಲ.

ಇದುವರೆಗೆ ನಾನು ಬರೆದುದೆಲ್ಲ, ಊರು ಎಂದರೆ ಸುಖ, ಪರದೇಶವೆಂದರೆ ಕಷ್ಟ ಎಂಬ ಎಣಿಕೆಯ ಮೇಲೆ ನಿಂತಿದೆ. ಅಂಬೇಡ್ಕರರ ಬಾಳನ್ನು ಓದಿದಾಗ ಈ ಎಣಿಕೆಯೇ ಬುಡಮೇಲಾಗುತ್ತದೆ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ತಿಂಗಳಿಗೆ 11 ಪೌಂಡು 10 ಷಿಲಿಂಗು. ಮೂರು ವರ್ಷದ ಅವಧಿ. ಅಲ್ಲಿನ ವಿದ್ಯಾರ್ಥಿನಿಲಯದಲ್ಲಿ ನವಲ್ ಭಾಠೇನಾ ಎಂಬ ಪಾರಸಿ ವಿದ್ಯಾರ್ಥಿಯೊಡನೆ ವಾಸ. ಚಳಿ, ಭಾಷೆ, ಊಟ ಇವರಿಗೂ ಹೊಸವೇ. ಆದರೆ ಒಂದೇ ಕೋಣೆಯಲ್ಲಿ ಇನ್ನೊಬ್ಬನ ಜೊತೆ ಮಲಗುವುದಕ್ಕೆ, ಒಂದೇ ಮೇಜಿನಲ್ಲಿ ಉಣ್ಣುವುದಕ್ಕೆ ಇಲ್ಲಿ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಪರದೇಶದಲ್ಲಿ ಕಳೆದ ವರ್ಷಗಳಲ್ಲಿ ತಾನು ಅಸ್ಪೃಶ್ಯನೆಂಬ ಅರಿವೇ ತಮ್ಮ ಮನಸ್ಸಿನಿಂದ ಅಳಿಸಿಹೋಗಿತ್ತೆಂದು ಅವರು ಮುಂದೆ ಬರೆದಿದ್ದಾರೆ. 1916ರ ಮೇ ತಿಂಗಳಲ್ಲಿ ಭಾರತದ ಜಾತಿಗಳ ಹುಟ್ಟನ್ನು ಕುರಿತ ಪ್ರಬಂಧವನ್ನು ಅವರು ಓದಿದ್ದು ಅಲ್ಲಿಯೇ. ದೂರ ಹೋದಾಗ ಊರು ಸ್ಪಷ್ಟವಾಗಿ ಕಾಣುತ್ತದೆಯೆಂಬುದಕ್ಕೆ ಕನ್ನಡದಲ್ಲಿಯೂ ನಿದರ್ಶನವಿದೆ: ನಮ್ಮ ಅಗ್ರಹಾರವೊಂದರ ಕಥೆಯಾದ ‘ಸಂಸ್ಕಾರ’ವನ್ನು ಅನಂತಮೂರ್ತಿಯವರು ಬರೆದದ್ದು 1965ರಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ.

ಅಂಬೇಡ್ಕರರಿಗೆ ಹೊಂದಿಕೊಳ್ಳುವ ಪ್ರಶ್ನೆ ನಿಜವಾಗಿ ಎದುರಾದದ್ದು ಹಿಂತಿರುಗಿದ ಮೇಲೆ. ವಿದ್ಯಾರ್ಥಿವೇತನದ ಕರಾರಿನಂತೆ 1917ರಲ್ಲಿ ಬರೋಡೆಗೆ ಕೆಲಸಕ್ಕೆ ಹೋದರು. ಇಳಿದುಕೊಳ್ಳಲು ಜಾಗವಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ಪಾರಸಿ ಹೆಸರಿಟ್ಟುಕೊಂಡು ಸೇರಿದರು. ಹನ್ನೊಂದನೆಯ ದಿನ ಬೆಳಿಗ್ಗೆ ಸುಮಾರು ಹನ್ನೆರಡು ಮಂದಿ ಪಾರಸಿಗಳು ದೊಣ್ಣೆ ಹಿಡಿದು ಬಂದು, ಸಂಜೆಯೊಳಗೆ ಜಾಗ ಬಿಡಬೇಕೆಂದು ಗದರಿಸಿ ಹೋದರು. ಇಬ್ಬರು ಸ್ನೇಹಿತರನ್ನು ಕೇಳಿದರು. ಒಬ್ಬರು ಹಿಂದೂ, ಒಬ್ಬರು ಕ್ರೈಸ್ತರು. ಇಬ್ಬರಿಗೂ ಅವರವರ ಅಡಚಣೆ. ಕಾಮಾಠಿ ಬಾಗ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಹೊತ್ತು ಕಳೆದು, ಆ ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಮರಳಿದರು. ನ್ಯೂಯಾರ್ಕಿನಲ್ಲಿ ಹಾಸಿಗೆ ಸಿಕ್ಕ ವಿದ್ಯಾವಂತನಿಗೆ, ಓದಲು ಕಳಿಸಿದ ಊರಿನಲ್ಲಿಯೇ ಹಾಸಿಗೆ ಸಿಗಲಿಲ್ಲ.

ಪರಿಶಿಷ್ಟ ವರ್ಗಗಳ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವು 1954-55ರಲ್ಲಿ ಆರಂಭವಾಯಿತು. ನಮ್ಮಂಥ ಸರ್ಕಾರಿ ಕಾಲೇಜುಗಳಿಂದ ಹೊರಡುವವರು ಹೆಚ್ಚಾಗಿ ಇಂಥ ವೇತನಗಳನ್ನೇ ನಂಬಿದವರು. ಅವರನ್ನು ಬೀಳ್ಕೊಡುವ ಸಭೆಗಳಲ್ಲಿ ಕೋಟು, ಚಮಚ, ಚಳಿಗಳ ವಿಷಯ ಬೇಕಾದಷ್ಟು ಮಾತಾಗುತ್ತದೆ. ಮರಳಿ ಬಂದವರನ್ನು ನಾವು ಎಲ್ಲಿ ಕೂರಿಸುತ್ತೇವೆಂಬ ಮಾತು ಮಾತ್ರ ಏಳುವುದಿಲ್ಲ. ಅಂಬೇಡ್ಕರರು ಅರ್ಧಕ್ಕೆ ನಿಂತ ಓದನ್ನು ಮುಗಿಸಲು 1920ರಲ್ಲಿ ಲಂಡನ್ನಿಗೆ ಮತ್ತೆ ಹೊರಟರು. ತಾವು ಉಳಿಸಿದ ಹಣ, ಕೊಲ್ಲಾಪುರದ ಶಾಹೂ ಮಹಾರಾಜರ ನೆರವು ಇವೆರಡರ ಜೊತೆಗೆ ಸ್ವಲ್ಪ ಸಾಲವೂ ಬೇಕಾಯಿತು. ಕೊಟ್ಟವನು ಕೊಲಂಬಿಯಾದಲ್ಲಿ ಜೊತೆಗಿದ್ದ ಆ ಪಾರಸಿ ಗೆಳೆಯನೇ.